ನಮ್ಮ ಕಡೆಯ ಕಲ್ಲು ಮಣ್ಣಿನ ಮನೆ

ನಮ್ಮ ಮೂಡಲಗಿ ಕಡೆ ರೈತರ ಹಳೆಯ ಮನೆಗಳನ್ನು ಕಲ್ಲು, ಮಣ್ಣು, ಕಟ್ಟಿಗೆ ಈ ಮೂರರಿಂದಲೇ ಕಟ್ಟಿದ್ದಾರೆ. ಹೊರಗಿನಿಂದ ನೋಡಿದರೆ ಬರೇ ಗೋಡೆ ಕಾಣುತ್ತದೆ. ಆದರೆ ಮನೆಯ ಒಂದೊಂದು ಭಾಗಕ್ಕೂ ಒಂದೊಂದು ಕೆಲಸ ಇದೆ. ನಮ್ಮ ಮನೆಯನ್ನೇ ಟೇಪು ಹಿಡಿದು ಅಳೆದು, ಅಜ್ಜನನ್ನು ಕೇಳಿ ಇದನ್ನು ಬರೆದಿದ್ದೇನೆ.

1. ಗೋಡೆ: ನಮ್ಮ ಗೋಡೆಯ ದಪ್ಪ ಎರಡೂವರೆ ಫೂಟು. ಒಳಗೊಂದು ಸಾಲು, ಹೊರಗೊಂದು ಸಾಲು ಕಲ್ಲು ಇಟ್ಟು ನಡುವೆ ಸಣ್ಣ ಕಲ್ಲು ಮತ್ತು ಕೆಸರು ತುಂಬಿದ್ದಾರೆ. ಎರಡು ಸಾಲು ಬೇರೆ ಬೇರೆ ಆಗಬಾರದೆಂದು ಅಲ್ಲಲ್ಲಿ ಈ ಮುಖದಿಂದ ಆ ಮುಖದ ತನಕ ಮುಟ್ಟುವ ಉದ್ದ ಕಲ್ಲು ಹಾಕಿದ್ದಾರೆ. ದಪ್ಪ ಗೋಡೆ ಬಿಸಿಲಿನ ಕಾವನ್ನು ಬೇಗ ಒಳಗೆ ಬಿಡುವುದಿಲ್ಲ. ಅದಕ್ಕೇ ಬ್ಯಾಸಗಿಯಲ್ಲೂ ಪಡಸಾಲಿ ತಂಪಾಗಿರುತ್ತದೆ.

2. ಮಾಳಿಗೆ: ಕಂಬದ ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು ಮತ್ತು ತಪ್ಪಲು, ಎಲ್ಲದರ ಮೇಲೆ ಮಣ್ಣು. ಈ ಮಣ್ಣಿಗೆ ಮೇಲ್ಮುದ್ದಿ ಎನ್ನುತ್ತಾರೆ. ಮಳೆಗಾಲಕ್ಕೆ ಮೊದಲು ಇದರ ಮೇಲೆ ಸವಳು ಮಣ್ಣು ಹರವಬೇಕು. ಅದು ನೀರು ತಾಗಿದರೆ ಮೆತ್ತಿಕೊಂಡು ಸಂದುಗಳನ್ನು ಮುಚ್ಚುತ್ತದೆ. ಮಾಳಿಗೆಯಲ್ಲಿ ಬೆಳಕಿಂಡಿ ಇದೆ. ಅದರಿಂದ ಬೆಳಕು ಒಳಗೆ ಬರುತ್ತದೆ, ಒಲಿಯ ಹೊಗೆ ಹೊರಗೆ ಹೋಗುತ್ತದೆ.

3. ದನದ ಜಾಗ: ತಲಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ಎತ್ತು, ಎಮ್ಮೆ. ಎರಡು ಫೂಟು ಎತ್ತರದ ಕಟ್ಟಿಯ ಮೇಲೆ ನಾವು. ಗಂಜಳ ನಮ್ಮ ಕಡೆ ಹರಿಯಬಾರದೆಂದು ಹೀಗೆ ಮಾಡಿದ್ದಾರೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಗುಡ್ಡದ ಸೀಮೆಯಲ್ಲಿಯೂ ರೈತರು ಇದೇ ರೀತಿ ಉದ್ದನೆಯ ಕಲ್ಲಿನ ಮನೆ ಕಟ್ಟುತ್ತಿದ್ದರೆಂದು ನಮ್ಮ ಗುರುಗಳು ಹೇಳಿದರು. ಇಳಿಜಾರಿನ ಕೆಳಗಿನ ಭಾಗದಲ್ಲಿ ದನ, ಮೇಲಿನ ಭಾಗದಲ್ಲಿ ಜನ, ನಡುವೆ ಓಣಿಯಂಥ ದಾರಿ. ಅಲ್ಲಿ ಮಳೆ ಹೆಚ್ಚು, ಆದ್ದರಿಂದ ಹುಲ್ಲು ಹೊದಿಸಿದ ಇಳಿಜಾರು ಛಾವಣಿ. ನಮ್ಮಲ್ಲಿ ಮಳೆ ಕಡಿಮೆ, ಆದ್ದರಿಂದ ಮಣ್ಣಿನ ಮಾಳಿಗೆ. ದೇಶ ಬೇರೆಯಾದರೂ ರೈತನ ವಿಚಾರ ಒಂದೇ!

4. ಮನೆಯ ವೈರಿ: ಈ ಮನೆಯ ವೈರಿ ನೀರು. 2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ ಹೊಳಿ ಉಕ್ಕಿ ಬಂದಾಗ ಹೊಳಿದಂಡೆಯ ಊರುಗಳಲ್ಲಿ ಇಂಥ ಬಹಳ ಮನೆಗಳು ಬಿದ್ದವು. ಕಲ್ಲು ಕರಗಲಿಲ್ಲ, ಕಲ್ಲಿನ ನಡುವಿನ ಮಣ್ಣು ಕರಗಿತು. ನಮ್ಮ ಮನೆ ಹೊಳಿಯಿಂದ ದೂರ. ಆದರೂ ಮಾಳಿಗೆಯ ನೀರು ಇಳಿದು ಹಿತ್ತಲ ಗೋಡೆ ಹೊಟ್ಟೆ ಬಿಟ್ಟಿದೆ. ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಟ್ಟು ಅಳೆದೆ. ನಾಲ್ಕು ಇಂಚು ಹೊರಗೆ ಬಂದಿದೆ.

ಅಪ್ಪ "ಪೂರ್ತಿ ಕೆಡವಿ ಸಿಮೆಂಟಿನ ಮನಿ ಕಟ್ಟೂಣು" ಅನ್ನುತ್ತಾರೆ. ಅಜ್ಜ "ಒಂದು ಗ್ವಾಡಿ ಸಲುವಾಗಿ ಮನಿ ಯಾಕ ಕೆಡವತಿ? ಅಷ್ಟ ಬಿಚ್ಚಿ ಕಟ್ಟಸು" ಅನ್ನುತ್ತಾರೆ. ಕಾಕಾ ಸಿಮೆಂಟ್ ಗಿಲಾವು ಸಾಕು ಅಂದರು. ಅದಕ್ಕೆ ಗೌಂಡಿ ಮಾಮಾ, "ಬ್ಯಾಡ್ರಿ, ಹೊರಗ ಸಿಮೆಂಟ್ ಹಚ್ಚಿದರ ಒಳಗಿನ ಹಸಿ ಆರೂದಿಲ್ಲ, ಮಣ್ಣು ಮೆತ್ತಗಾಗತೈತಿ" ಅಂದರು. ಇಂಗ್ಲೆಂಡಿನಲ್ಲಿಯೂ ಹಳೆಯ ಕಲ್ಲಿನ ಮನೆ ದುರಸ್ತಿಗೆ ಇದೇ ಕಾರಣಕ್ಕೆ ಸಿಮೆಂಟ್ ಬಿಟ್ಟು ಸುಣ್ಣದ ಗಾರೆ ಬಳಸುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ನಿರ್ಧಾರ ಆಗಿಲ್ಲ. ಆಯಿಯ ಹಾಸಿಗೆಯನ್ನು ಮಾತ್ರ ಆ ಗೋಡೆಯ ಬುಡದಿಂದ ಪಡಸಾಲಿಗೆ ತಂದಿದ್ದೇವೆ.

ಗೆಳೆಯರೇ, ಮಳೆಗಾಲಕ್ಕೆ ಮೊದಲು ನಿಮ್ಮ ಮನೆಯಲ್ಲಿ ಇವನ್ನು ನೋಡಿರಿ:

ಅ) ಮಾಳಿಗೆಯ ಮೇಲೆ ಹುಲ್ಲು, ಇಲಿಯ ಬಿಲ ಇವೆಯೇ?
ಆ) ಮಾಳಿಗೆಯ ನೀರು ಗೋಡೆಗೆ ತಾಗದೆ ದೂರ ಬೀಳುತ್ತದೆಯೇ?
ಇ) ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತದೆಯೇ?
ಈ) ಗೋಡೆ ಹೊಟ್ಟೆ ಬಿಟ್ಟಿದೆಯೇ?

ಹೊಟ್ಟೆ ಬಿಟ್ಟಿದ್ದರೆ ಅದರ ಹತ್ತಿರ ಮಲಗಬೇಡಿರಿ. ಹಿರಿಯರನ್ನು ಕರೆದು ತೋರಿಸಿರಿ.