ಗೊಂಬೆಯ ಬಾಯಲ್ಲಿ ಮಗುವಿನ ಮಾತು

ಭಾಷೆಯೊಂದನ್ನು ಕೇಳಿ ಅರ್ಥಮಾಡಿಕೊಳ್ಳುವುದು ಒಂದು ಶಕ್ತಿ. ಅದೇ ಭಾಷೆಯಲ್ಲಿ ತನ್ನ ಮನಸ್ಸನ್ನು ಬಿಚ್ಚಿ ಹೇಳುವುದು ಇನ್ನೊಂದು ಶಕ್ತಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಲ್ಲಿ ಇವೆರಡರ ನಡುವಣ ಅಂತರ ಎದ್ದು ಕಾಣುತ್ತದೆ. ಅಜ್ಜಿ ಕನ್ನಡದಲ್ಲಿ ಕೇಳಿದ ಪ್ರಶ್ನೆ ಮೊಮ್ಮಗಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಕೇಳುವವರಿದ್ದು ಆಡುವವರಿಲ್ಲದ ಭಾಷೆ ಆ ಮನೆಯ ಮುಂದಿನ ತಲೆಮಾರನ್ನು ತಲಪುವುದು ಕಷ್ಟ. ಇಲ್ಲಿ ಮಗುವಿಗೆ ಪದಗಳ ಕೊರತೆಯೊಂದೇ ಅಡ್ಡಿಯಲ್ಲ. ತಪ್ಪಾದರೆ ನಕ್ಕಾರು ಎಂಬ ಸಂಕೋಚವೂ ನಾಲಗೆಯನ್ನು ಕಟ್ಟಿಹಾಕುತ್ತದೆ. ಈ ಸಂಕೋಚವನ್ನು ಕಳೆಯಲು ನಾಟಕ ಮತ್ತು ಗೊಂಬೆಯಾಟಗಳು ಉತ್ತಮ ಸಾಧನಗಳು.

ಗೊಂಬೆಯೇ ಏಕೆ?

ವೇದಿಕೆಯ ಮೇಲೆ ಒಂಟಿಯಾಗಿ ನಿಂತ ಮಗು ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಹಿಂಜರಿಯುತ್ತದೆ. ಅದೇ ಮಗುವಿನ ಕೈಗೆ ಗೊಂಬೆಯೊಂದನ್ನು ತೊಡಿಸಿದಾಗ ನೋಟವೆಲ್ಲ ಗೊಂಬೆಯ ಕಡೆಗೆ ತಿರುಗುತ್ತದೆ. ತಪ್ಪಿ ನುಡಿದರೂ ಅದು ಗೊಂಬೆಯ ತಪ್ಪು. ಗದರಿಸಿದರೆ ಗೊಂಬೆಯ ಸಿಟ್ಟು. ಹೀಗೆ ಮರೆಯೊಂದು ದೊರೆತೊಡನೆ ಮಗು ಧೈರ್ಯದಿಂದ ಮಾತನಾಡತೊಡಗುತ್ತದೆ.

ನಮ್ಮ ನಾಡಿನಲ್ಲಿ ಈ ಕಲೆಗೆ ದೀರ್ಘ ಪರಂಪರೆಯಿದೆ. ಕರ್ನಾಟಕದಲ್ಲಿ ತೊಗಲುಗೊಂಬೆಯಾಟ ಮತ್ತು ಸೂತ್ರದ ಗೊಂಬೆಯಾಟಗಳಿವೆ. ಕರಾವಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ಸೂತ್ರಗೊಂಬೆಗಳನ್ನು ಆಡಿಸುತ್ತಾರೆ. ಆಂಧ್ರ ಮತ್ತು ತೆಲಂಗಾಣದಲ್ಲಿ ತೋಲು ಬೊಮ್ಮಲಾಟ, ತಮಿಳುನಾಡಿನಲ್ಲಿ ಬೊಮ್ಮಲಾಟ್ಟಂ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಸೂತ್ರದ ಮತ್ತು ತೊಗಲಿನ ಗೊಂಬೆಗಳು ಪ್ರಸಿದ್ಧವಾಗಿವೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಇಲ್ಲೊಂದು ಸಂಗತಿ ಗಮನಾರ್ಹ: ಕರ್ನಾಟಕದ ತೊಗಲುಗೊಂಬೆ ಆಡಿಸುವ ಅನೇಕ ಕುಟುಂಬಗಳ ಮನೆಮಾತು ಮರಾಠಿಯ ಒಂದು ಬಗೆ, ಆದರೆ ಪರದೆಯ ಹಿಂದೆ ಅವರ ಗೊಂಬೆಗಳು ಸೊಗಸಾದ ಕನ್ನಡವನ್ನಾಡುತ್ತವೆ. ಎರಡು ಭಾಷೆಗಳ ನಡುವೆ ಬೆಳೆಯುವುದು ಮಾತಿನ ಕಲೆಗೆ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮೊದಲ ಪಾಠ: ಧ್ವನಿ

ಗೊಂಬೆಯನ್ನು ಕೈಗೆ ಕೊಡುವ ಮುನ್ನ ಧ್ವನಿಯ ಅಭ್ಯಾಸ ನಡೆಯಬೇಕು. "ಬಾ" ಎಂಬ ಒಂದೇ ಅಕ್ಷರವನ್ನು ಕರೆಯುವ ತಾಯಿಯಂತೆ, ಸಿಟ್ಟಾದ ಅಣ್ಣನಂತೆ, ಕತ್ತಲೆಗೆ ಹೆದರಿದ ಗೆಳೆಯನಂತೆ ಹೇಳಿಸಿರಿ. ಅನಂತರ ಕನ್ನಡದ ವಿಶೇಷವೊಂದನ್ನು ಪರಿಚಯಿಸಿರಿ. "ಬಂದನೇ?" ಎಂದರೆ ಪ್ರಶ್ನೆ, "ಬಂದನೋ ಏನೋ" ಎಂದರೆ ಸಂಶಯ, "ಬಂದಾನು" ಎಂದರೆ ಸಂಭವ, "ಬಂದನಂತೆ" ಎಂದರೆ ಕೇಳಿದ ಸುದ್ದಿ, "ಬಂದೇ ಬಂದ" ಎಂದರೆ ಸಂಭ್ರಮ. ಭಾವವು ಪದದ ಕೊನೆಯಲ್ಲಿಯೇ ಅಡಗಿರುವುದನ್ನು ಮಗು ವ್ಯಾಕರಣದ ಹೆಸರೆತ್ತದೆಯೇ ಕಲಿಯುತ್ತದೆ. ಅಜ್ಜಿ ಮತ್ತು ಮೊಮ್ಮಗನ ಗೊಂಬೆಗಳು ಮಾತನಾಡಿದಾಗ "ಬಾ" ಎಲ್ಲಿ, "ಬನ್ನಿ" ಎಲ್ಲಿ ಎಂಬ ಗೌರವದ ವಿವೇಚನೆಯೂ ತಾನಾಗಿ ಮೂಡುತ್ತದೆ.

ಗೊಂಬೆಯ ತಯಾರಿಕೆ

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಹಳೆಯ ಕಾಲುಚೀಲಕ್ಕೆ ಗುಂಡಿಗಳನ್ನು ಹೊಲಿದರೆ ಕಣ್ಣುಗಳಾದವು. ಕಾಗದವನ್ನು ನೆನೆಸಿ, ಅರೆದು, ಮೈದಾ ಹಿಟ್ಟಿನ ಅಂಟು ಬೆರೆಸಿ ತಲೆಯನ್ನು ಮಾಡಬಹುದು. ತೋರುಬೆರಳು ಹಿಡಿಸುವಷ್ಟು ರಟ್ಟಿನ ಕೊಳವೆಯೇ ಕತ್ತು. ತೋರುಬೆರಳು ತಲೆಯನ್ನೂ, ಹೆಬ್ಬೆರಳು ಮತ್ತು ನಡುಬೆರಳು ಎರಡು ಕೈಗಳನ್ನೂ ಆಡಿಸುತ್ತವೆ. ಬಾಗಿಲಿಗೆ ಅಡ್ಡಲಾಗಿ ಮಕ್ಕಳ ಎತ್ತರಕ್ಕೆ ಕಟ್ಟಿದ ಸೀರೆಯೇ ರಂಗಸ್ಥಳ. ಮಾತನಾಡುವ ಗೊಂಬೆ ಮಾತ್ರ ಅಲುಗಬೇಕು, ಉಳಿದವು ಅದರತ್ತ ತಿರುಗಿ ಸುಮ್ಮನಿರಬೇಕು ಎಂಬುದು ಗೊಂಬೆಯಾಟದ ಮುಖ್ಯ ನಿಯಮ. ಇದರಿಂದ ಮಕ್ಕಳು ಇನ್ನೊಬ್ಬರ ಮಾತು ಮುಗಿಯುವವರೆಗೆ ಕೇಳುವುದನ್ನೂ ಕಲಿಯುತ್ತಾರೆ.

ಮಾತು ಕಟ್ಟುವ ಬಗೆ

ಪಂಚತಂತ್ರದ ಕೋತಿ ಮತ್ತು ಮೊಸಳೆಯ ಕಥೆಯನ್ನು ತೆಗೆದುಕೊಳ್ಳೋಣ. ನಡುನೀರಿನಲ್ಲಿ ಮೊಸಳೆಯ ಬೆನ್ನ ಮೇಲಿರುವ ಕೋತಿಗೆ ತನ್ನ ಹೃದಯಕ್ಕೆ ಸಂಚಕಾರ ಬಂದಿರುವುದು ತಿಳಿದಿದೆ. ಈಗ ಅದರ ಜೀವ ಉಳಿಯುವುದು ಮಾತಿನಿಂದ ಮಾತ್ರ. "ಅಯ್ಯೋ ಗೆಳೆಯ, ಮೊದಲೇ ಹೇಳಬಾರದಿತ್ತೇ? ಹೃದಯವನ್ನು ಮರದಲ್ಲೇ ಬಿಟ್ಟು ಬಂದೆನಲ್ಲ!" ಎಂಬ ಮಾತನ್ನು ಮಗು ಮೊದಲು ನಡುಗುತ್ತ ಹೇಳಲಿ. ಮೊಸಳೆ ನಂಬೀತೇ ಎಂದು ಉಳಿದವರನ್ನು ಕೇಳಿರಿ. ಬಳಿಕ ಅದನ್ನೇ ಭಯವನ್ನು ಅಡಗಿಸಿ, ಸಹಜವಾಗಿ ಹೇಳಲಿ. ಒಂದೇ ವಾಕ್ಯ ಒಮ್ಮೆ ಜೀವ ಕಳೆಯುವುದನ್ನೂ ಒಮ್ಮೆ ಜೀವ ಉಳಿಸುವುದನ್ನೂ ಮಕ್ಕಳು ಸ್ವತಃ ಕಾಣುತ್ತಾರೆ. ಬರೆದುಕೊಟ್ಟ ಸಂಭಾಷಣೆಯನ್ನು ಬಾಯಿಪಾಠ ಮಾಡಿಸಬೇಡಿರಿ. ಈ ಪಾತ್ರಕ್ಕೆ ಏನು ಬೇಕಾಗಿದೆ, ಅದು ಯಾರಿಗೆ ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಮಾತು ಮಕ್ಕಳಿಂದಲೇ ಹೊಮ್ಮುತ್ತದೆ.

ಹಿರಿಯರು ಗಮನಿಸಬೇಕಾದುದು

ಆಟದ ನಡುವೆ ಉಚ್ಚಾರಣೆಯನ್ನು ತಿದ್ದಬಾರದು. ನಡುವೆ ಹಿಂದಿ ಅಥವಾ ತಮಿಳು ಪದ ನುಸುಳಿದರೆ ತಡೆಯದಿರಿ. ಆಟ ಮುಗಿದ ಮೇಲೆ ಹಿರಿಯರ ಕೈಯಲ್ಲಿರುವ ಗೊಂಬೆ ಅದೇ ಮಾತನ್ನು ಕನ್ನಡದಲ್ಲಿ ಆಡಿ ತೋರಿಸಲಿ. ಧಾರವಾಡ, ಮಂಗಳೂರು, ಕಲಬುರಗಿ, ಮೈಸೂರು ಎಂದು ಮಕ್ಕಳ ಮನೆಯ ಕನ್ನಡ ಬೇರೆಬೇರೆಯಾಗಿದ್ದರೆ ಅದನ್ನು ದೋಷವೆಂದೆಣಿಸದೆ ಪಾತ್ರಗಳಿಗೆ ಹಂಚಿರಿ. ದಿನಕಳೆದಂತೆ ಪರದೆಯನ್ನು ತಗ್ಗಿಸುತ್ತ ಬಂದು, ಕೊನೆಗೆ ಗೊಂಬೆಯಿಲ್ಲದೆ ಮಕ್ಕಳೇ ಪಾತ್ರಗಳಾಗಿ ಅಭಿನಯಿಸುವಂತಾಗಬೇಕು. ಗೊಂಬೆಯಿಂದ ನಾಟಕಕ್ಕೆ, ನಾಟಕದಿಂದ ನಿತ್ಯದ ಮಾತಿಗೆ ಸಾಗುವುದೇ ಈ ಶಿಕ್ಷಣದ ಕ್ರಮ.

1979ರಲ್ಲಿ ಸ್ಥಾಪನೆಗೊಂಡ, ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರವು ಶಿಕ್ಷಕರಿಗಾಗಿ ಗೊಂಬೆಯಾಟದ ಕಾರ್ಯಾಗಾರಗಳನ್ನು ನಡೆಸುತ್ತದೆ; ಹೈದರಾಬಾದಿನಲ್ಲಿಯೂ ಇದರ ಪ್ರಾದೇಶಿಕ ಕೇಂದ್ರವಿದೆ. ಆದರೆ ಆರಂಭಕ್ಕೆ ತರಬೇತಿಯನ್ನು ಕಾಯಬೇಕಾಗಿಲ್ಲ. ವಾರಕ್ಕೊಂದು ಸಂಜೆ, ಎರಡು ಕಾಲುಚೀಲ, ಕೇಳಲು ಸಿದ್ಧರಿರುವ ಒಬ್ಬ ಹಿರಿಯರು ಇದ್ದರೆ ಸಾಕು.

ಅಭ್ಯಾಸ

1. "ಊಟವಾಯಿತೇ?" ಎಂಬ ಮಾತನ್ನು ಅಜ್ಜಿ, ನೆರೆಮನೆಯವರು, ಹಸಿದ ಅತಿಥಿ ಈ ಮೂವರಂತೆ ಹೇಳಿಸಿರಿ.
2. ಊರಿನಿಂದ ಬಂದ ಅಜ್ಜ ಮತ್ತು ನಗರದ ಮೊಮ್ಮಗಳ ನಡುವೆ ಐದು ಮಾತುಗಳ ಗೊಂಬೆಯಾಟವನ್ನು ಮಕ್ಕಳೇ ಕಟ್ಟಲಿ.