ತಂಡ ಬದಲಿಸಿದವರನ್ನು ತೂಗುವ ಮುನ್ನ



ನೆಚ್ಚಿನ ಆಟಗಾರ ತಂಡ ಬಿಟ್ಟಾಗಲೂ ನೆಚ್ಚಿನ ವಾದ್ಯತಂಡ ದೊಡ್ಡ ಕಂಪನಿಗೆ ಸಹಿ ಹಾಕಿದಾಗಲೂ ‘ದುಡ್ಡಿಗೆ ಮಾರಿಕೊಂಡರು’ ಎಂಬ ಮಾತೇ ಕೇಳಿಬರುತ್ತದೆಯಾದರೂ, ಆಯ್ಕೆ ನಿಜಕ್ಕೂ ಯಾರ ಕೈಯಲ್ಲಿತ್ತು ಎಂದು ವಿಚಾರಿಸದೆ ಕಿರಿಯರು ಆ ತೀರ್ಪಿಗೆ ತಲೆದೂಗಬಾರದು. 1953ರಲ್ಲಿ ಆಲೂರು, ಆದೋನಿ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ್ದನ್ನು ಕಂಡ ಸೀಮೆಯ ಕನ್ನಡ ಮನೆಗಳಿಗೆ, ಪಕ್ಷ ಬದಲಾಗುವುದು ಎಷ್ಟೋ ವೇಳೆ ತಮ್ಮನ್ನು ಕೇಳಿ ಅಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕ, ಕೆನಡಾಗಳ ಮಂಜುಗಡ್ಡೆ ಹಾಕಿಯಲ್ಲಿ ಫ್ರೀ ಏಜೆನ್ಸಿ ಎಂಬ ಪದ್ಧತಿಯಿದೆ. ಒಪ್ಪಂದ ಮುಗಿದ ಆಟಗಾರ, ಸಾಮಾನ್ಯವಾಗಿ 27 ವರ್ಷ ತುಂಬಿದವನು ಅಥವಾ ಏಳು ಋತು ಆಡಿದವನು, ತನಗೆ ಬೇಕಾದ ತಂಡದೊಡನೆ ಮಾತಾಡಿಕೊಳ್ಳುವ ಹಕ್ಕು ಪಡೆಯುತ್ತಾನೆ. ಹಾಕಿ ಇಂಡಿಯಾ ಲೀಗ್ ಹಿಡಿದದ್ದು ಹರಾಜಿನ ದಾರಿ. 2013ರ ಮೊದಲ ಆವೃತ್ತಿಯ ಐದು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲವಾದ್ದರಿಂದ, ಕೊಡಗಿನ ವಿ. ಆರ್. ರಘುನಾಥ್ 76,000 ಡಾಲರ್ ಬೆಲೆಗೆ ಉತ್ತರ ಪ್ರದೇಶದ ತಂಡದ ಪಾಲಾದಾಗ ಅವರು ಊರು ಬಿಟ್ಟರೆಂದು ದೂರುವುದಕ್ಕೆ ಆಧಾರವೇ ಇಲ್ಲ, ಕೂಗಿದವರು ಮಾಲೀಕರು. ನಿಜವಾದ ಆಯ್ಕೆ ಎದುರಾದದ್ದು ಅದಕ್ಕೂ ಮುಂಚೆ, 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ. ಅಂತರರಾಷ್ಟ್ರೀಯ ಒಕ್ಕೂಟದ ಮನ್ನಣೆಯಿಲ್ಲದ ಆ ಎಂಟು ತಂಡಗಳ ಪಂದ್ಯಾವಳಿಗೆ ಸೇರಿದವರಿಗೆ, ಲಂಡನ್ ಒಲಿಂಪಿಕ್ಸ್ ನಡೆಯುವ ವರ್ಷದಲ್ಲೇ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುವ ಭಯವಿತ್ತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಕರ್ನಾಟಕ ಲಯನ್ಸ್ ತಂಡದ ನಾಯಕರಾಗಿ ಆಡಿದರು. ಪಂದ್ಯಾವಳಿ ಒಂದೇ ಋತುವಿಗೆ ನಿಂತಿತು. ಅದಕ್ಕೆ ಸೇರುವ ನಿರ್ಧಾರವನ್ನು ವಿಮರ್ಶಿಸಬಹುದು, ಏಕೆಂದರೆ ಅದು ಹಾಲಪ್ಪ ಅವರದೇ ಆಗಿತ್ತು.

ಸಂಗೀತದ ಅಭಿರುಚಿಯಲ್ಲಿ ಕೇಳುಗನಿಗೆ ಇಂಥ ಕಟ್ಟುಪಾಡಿಲ್ಲ, ಆದರೆ ಹಟಕ್ಕೇನೂ ಕೊರತೆಯಿಲ್ಲ. ಮೂರ್ನಾಲ್ಕು ಸ್ವರಮೇಳಗಳಲ್ಲಿ, ಎರಡು ಮೂರು ನಿಮಿಷಗಳಲ್ಲಿ ಸಿಟ್ಟನ್ನೆಲ್ಲ ಹೇಳಿ ಮುಗಿಸುವ ಪಂಕ್ ಪ್ರಕಾರದ ಅಭಿಮಾನಿಗಳು, ಲಂಡನ್ನಿನ ದಿ ಕ್ಲ್ಯಾಶ್ 1977ರಲ್ಲಿ ಸಿಬಿಎಸ್ ಕಂಪನಿ ಸೇರಿದ್ದನ್ನು ದ್ರೋಹವೆಂದೇ ಬಗೆದರು. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒರಟುಗೊಳಿಸಿ ಭಾರವಾದ ತಾಳದ ಮೇಲೆ ಕೂರಿಸುವ ಹೆವಿ ಮೆಟಲ್‌ನಲ್ಲಿ, ಎಂಟು ನಿಮಿಷದ ಬಿರುಸಿನ ಹಾಡು ಕಟ್ಟುತ್ತಿದ್ದ ಮೆಟಾಲಿಕಾ 1991ರಲ್ಲಿ ನಡೆ ತಗ್ಗಿಸಿ ಐದಾರು ನಿಮಿಷಕ್ಕೆ ಇಳಿದಾಗಲೂ ಅದೇ ಜಗಳವೆದ್ದಿತು; ಹಾಗಿದ್ದೂ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಳೆಯ ಹಾಡಿಗೂ ಹೊಸ ಹಾಡಿಗೂ ಕೂಗಿದ ಗಂಟಲುಗಳು ಬೇರೆ ಬೇರೆಯಾಗಿರಲಿಲ್ಲ. ಬೆಂಗಳೂರಿನದೇ ಆದ ಕ್ರಿಪ್ಟೋಸ್ 2016ರ ಹೊತ್ತಿಗೆ ಜರ್ಮನಿಯ ಕಂಪನಿಯ ಮೂಲಕ ಆಲ್ಬಮ್ ತಂದರೂ ಎಂಬತ್ತರ ದಶಕದ ಮೆಟಲ್ ಧಾಟಿಯನ್ನು ಕೈಬಿಡಲಿಲ್ಲ. ಸಹಿ ಮಾಡಿದವರ ಸ್ವರ ಕೆಟ್ಟೇ ಕೆಡುತ್ತದೆಂಬುದು ಕೇಳುವ ಮೊದಲೇ ಕಟ್ಟಿಕೊಂಡ ತೀರ್ಮಾನ.

ಸ್ವತಃ ಹಾಕಿ ಕೋಲು ಹಿಡಿಯುವ ಕಿರಿಯರಿಗೆ ಮುಂದೆ ಎದುರಾಗುವ ಪತ್ರ ಬಹುಶಃ ರೈಲ್ವೆಯದೋ ಸೇನೆಯದೋ ಪೆಟ್ರೋಲಿಯಂ ಸಂಸ್ಥೆಯದೋ ಕ್ರೀಡಾ ಕೋಟಾದ ನೇಮಕವಾಗಿರುತ್ತದೆ. ಸಂಬಳದ ಅಂಕಿಯನ್ನು ನೋಡುವ ಕಣ್ಣು, ಕೆಲಸ ಕಾಯಮೋ ಗುತ್ತಿಗೆಯೋ, ಮೊಣಕಾಲು ಕೈಕೊಟ್ಟ ವರ್ಷ ವೆಚ್ಚ ಭರಿಸುವವರು ಯಾರು, ಬೇರೆ ತಂಡದಲ್ಲಿ ಆಡಲು ಯಾರ ಅನುಮತಿ ಬೇಕು ಎಂಬ ಸಾಲುಗಳನ್ನೂ ಓದಿದ ಮೇಲೆಯೇ ಕೈ ಪೆನ್ನಿನ ಕಡೆ ಹೋಗಬೇಕು.