ಅನುಮತಿ ಕೇಳದೆ ಒಳಬರುವವರು

ಪರರ ಮನೆಯ ಬಾಗಿಲಲ್ಲಿ ನಿಂತು ಸಲಾಮ್ ಹೇಳಿ ಅನುಮತಿ ಕೇಳಬೇಕು, ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಮರಳಿ ಹೋಗಬೇಕು. ಮದ್ರಸದ ಚಿಕ್ಕ ತರಗತಿಯಲ್ಲೇ ನಾವು ಈ ಪಾಠವನ್ನು ಕಲಿಸುತ್ತೇವೆ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯದ 27 ಮತ್ತು 28ನೇ ಸೂಕ್ತಗಳಲ್ಲಿ ಅನುಮತಿ ಕೇಳುವ ಈ ಆದೇಶವಿದೆ. 58ನೇ ಸೂಕ್ತವಂತೂ ನಮ್ಮ ಸ್ವಂತ ಮನೆಯೊಳಕ್ಕೇ ಬರುತ್ತದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನ ವಿಶ್ರಾಂತಿಗಾಗಿ ಬಟ್ಟೆ ಸಡಿಲಿಸುವಾಗ ಮತ್ತು ಇಶಾದ ನಂತರ, ಹೀಗೆ ಮೂರು ಹೊತ್ತು ಮನೆಯ ಎಳೆಯ ಮಕ್ಕಳು ಕೂಡ ಕೇಳಿಯೇ ಒಳಬರಬೇಕು.

ಈ ನಿಯಮ ಯಾತಕ್ಕಾಗಿ? ಸಹ್ಲ್ ಬಿನ್ ಸಅದ್(ರ)ರಿಂದ ವರದಿಯಾದ, ಬುಖಾರಿಯಲ್ಲಿರುವ ಹದೀಸೊಂದು ಇದಕ್ಕೆ ಉತ್ತರ ಕೊಡುತ್ತದೆ. ಪ್ರವಾದಿ(ಸ)ರ ಕೋಣೆಯ ರಂಧ್ರವೊಂದರಿಂದ ಒಬ್ಬಾತ ಒಳಗೆ ಇಣುಕಿದ. ಆಗ ಪ್ರವಾದಿ(ಸ)ರ ಕೈಯಲ್ಲಿ ತಲೆ ಬಾಚುವ ಕಡ್ಡಿಯಿತ್ತು. ಅವರು ಆತನನ್ನು ಕಟುವಾಗಿ ಎಚ್ಚರಿಸಿದರು. ಅನುಮತಿ ಕೇಳುವುದನ್ನು ವಿಧಿಸಿರುವುದೇ ದೃಷ್ಟಿಯ ಕಾರಣಕ್ಕಾಗಿ ಎಂದು ತಿಳಿಸಿದರು. ಆತ ಹೊಸ್ತಿಲು ದಾಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಕಾಲು ಹೊರಗಿತ್ತು, ಕಣ್ಣು ಒಳಗೆ ಹೋಗಿತ್ತು. ಅಷ್ಟೇ ಸಾಕಾಯಿತು.

ಇಂದು ಇಣುಕುವವನಿಗೆ ರಂಧ್ರ ಹುಡುಕುವ ಕಷ್ಟವಿಲ್ಲ. ನಾವೇ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುತ್ತೇವೆ. ಇದಕ್ಕೆ ನಮಾಝಿಗೇ ಸಂಬಂಧಿಸಿದ ಒಂದು ಉದಾಹರಣೆಯನ್ನು ನೋಡೋಣ.

2020ರ ನವೆಂಬರ್‌ನಲ್ಲಿ ಅಮೇರಿಕದ ಮದರ್‌ಬೋರ್ಡ್ ಎಂಬ ಸುದ್ದಿತಾಣವು ಒಂದು ತನಿಖಾ ವರದಿಯನ್ನು ಪ್ರಕಟಿಸಿತು. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕನ್ನು ತೋರಿಸುವ ‘ಮುಸ್ಲಿಮ್ ಪ್ರೊ’ ಎಂಬ ಆ್ಯಪನ್ನು ಆ ವೇಳೆಗೆ ಜಗತ್ತಿನಾದ್ಯಂತ 9.8 ಕೋಟಿಗೂ ಹೆಚ್ಚು ಬಾರಿ ಇಳಿಸಿಕೊಳ್ಳಲಾಗಿತ್ತು. ಅದು ಬಳಕೆದಾರರು ಇರುವ ಸ್ಥಳದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ಅಮೇರಿಕನ್ ಕಂಪೆನಿಗೆ ಕಳುಹಿಸುತ್ತಿತ್ತು. ಎಕ್ಸ್-ಮೋಡ್ ಅದನ್ನು ಗುತ್ತಿಗೆದಾರರಿಗೆ ಮಾರುತ್ತಿತ್ತು. ಅವರ ಮೂಲಕ ಅದು ಅಮೇರಿಕದ ಸೇನೆಗೆ ತಲುಪುತ್ತಿತ್ತು. ತಾನು ಸೇನೆಗೆ ನೇರವಾಗಿ ಏನನ್ನೂ ಮಾರಿಲ್ಲವೆಂದು ಮುಸ್ಲಿಮ್ ಪ್ರೊ ಸ್ಪಷ್ಟಪಡಿಸಿತು ಮತ್ತು ಎಕ್ಸ್-ಮೋಡ್ ಜತೆಗಿನ ಸಂಬಂಧವನ್ನು ಕಡಿದುಕೊಂಡಿತು. ನ್ಯಾಯದ ದೃಷ್ಟಿಯಿಂದ ಇದನ್ನೂ ಹೇಳಲೇಬೇಕು. ಆದರೆ 2021ರ ಜನವರಿಯಲ್ಲಿ ‘ಸಲಾತ್ ಫಸ್ಟ್’ ಎಂಬ ಇನ್ನೊಂದು ನಮಾಝ್ ಆ್ಯಪಿನ ಬಗ್ಗೆಯೂ ಇಂಥದೇ ವರದಿ ಬಂತು. ಅದರ ಮಾಹಿತಿಯು ಪ್ರೆಡಿಸಿಯೋ ಎಂಬ ಫ್ರೆಂಚ್ ಕಂಪೆನಿಗೆ ಹೋಗುತ್ತಿತ್ತು.

ಇಲ್ಲಿ ಯಾರೂ ಬೀಗ ಮುರಿದಿರಲಿಲ್ಲ. ಆ್ಯಪ್ ತಯಾರಿಸುವವರು ಬೇರೆ ಕಂಪೆನಿಯು ಕೊಡುವ ಒಂದು ಸಣ್ಣ ಪ್ರೋಗ್ರಾಮನ್ನು ತಮ್ಮ ಆ್ಯಪಿನೊಳಗೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಹಣ ಸಿಗುತ್ತದೆ. ಲೊಕೇಶನ್ ನೋಡಲು ನಾವು ಆ್ಯಪಿಗೆ ಅನುಮತಿ ಕೊಟ್ಟೊಡನೆ, ಒಳಗೆ ಕುಳಿತ ಆ ಪ್ರೋಗ್ರಾಮಿಗೂ ಅದು ದಕ್ಕುತ್ತದೆ. ಅದು ಸಂಗ್ರಹಿಸುವ ಪಟ್ಟಿಯಲ್ಲಿ ನಮ್ಮ ಹೆಸರಿರುವುದಿಲ್ಲ, ಪ್ರತಿಯೊಂದು ಫೋನಿಗೂ ಜಾಹೀರಾತಿಗಾಗಿ ಇರುವ ಒಂದು ಗುರುತಿನ ಸಂಖ್ಯೆ ಮಾತ್ರ ಇರುತ್ತದೆ. ಹೆಸರಿಲ್ಲವಲ್ಲ ಎಂದು ಸಮಾಧಾನಪಡುವಂತಿಲ್ಲ. ದಿನವೂ ರಾತ್ರಿ ಒಂದೇ ಮನೆಯಲ್ಲಿ ತಂಗುವ, ಹಗಲಿನಲ್ಲಿ ಒಂದೇ ಅಂಗಡಿಗೆ ಹೋಗುವ, ಶುಕ್ರವಾರ ಮಧ್ಯಾಹ್ನ ಒಂದೇ ಮಸೀದಿಯಲ್ಲಿರುವ ಫೋನ್ ಯಾರದೆಂದು ತಿಳಿಯಲು ಹೆಸರೇಕೆ ಬೇಕು?

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ವ್ಯಕ್ತಿಯೊಬ್ಬನ ಫೋನ್ ಹಿಂದೆ ಎಲ್ಲೆಲ್ಲಿತ್ತು ಎಂಬ ದೀರ್ಘ ದಾಖಲೆಯನ್ನು ಮೊಬೈಲ್ ಕಂಪೆನಿಯಿಂದ ಪಡೆಯಬೇಕಾದರೆ ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು ಅಮೇರಿಕದ ಸುಪ್ರೀಮ್ ಕೋರ್ಟು 2018ರಲ್ಲಿ ಕಾರ್ಪೆಂಟರ್ ಪ್ರಕರಣದಲ್ಲಿ ತೀರ್ಪು ನೀಡಿತ್ತು. ಆದರೆ ಅಂಥದೇ ಮಾಹಿತಿಯನ್ನು ಮಾರುಕಟ್ಟೆಯಲ್ಲಿ ಹಣ ಕೊಟ್ಟು ಕೊಂಡರೆ ವಾರಂಟ್ ಬೇಕಿಲ್ಲವೆಂಬುದು ಅಲ್ಲಿನ ಸೇನಾ ಗುಪ್ತಚರ ಸಂಸ್ಥೆಯ ವಾದವಾಗಿತ್ತು. ಕೊನೆಗೆ 2024ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರಕಾರಿ ಸಂಸ್ಥೆಯು, ಆರಾಧನಾಲಯ, ಆಸ್ಪತ್ರೆಗಳಂತಹ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರದಂತೆ ಎಕ್ಸ್-ಮೋಡ್‌ನ ಮೇಲೆ ನಿರ್ಬಂಧ ಹೇರಿತು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನೂ ಆಯಿತು, ಆದರೆ ತನ್ನ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ನೀಡುವ ಅಧಿಕಾರವನ್ನು ಸರಕಾರ ಉಳಿಸಿಕೊಂಡಿದೆ.

“ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ? ತಪ್ಪು ಮಾಡಿದವನಿಗಲ್ಲವೇ ಭಯ?” ಎಂದು ಕೇಳುವವರಿದ್ದಾರೆ. ಕುರ್‌ಆನ್ ಹೇಳಿದ ಆ ಮೂರು ಹೊತ್ತುಗಳನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಆಗ ಮನೆಯೊಳಗೆ ಪಾಪವೇನೂ ನಡೆಯುತ್ತಿರುವುದಿಲ್ಲ, ದಣಿದವನು ಮಲಗಿರುತ್ತಾನೆ. ಆದರೂ ಅಲ್ಲಿ ತೆರೆಯಿದೆ. ಇನ್ನು, ತಪ್ಪು ನಡೆಯುತ್ತಿರಬಹುದೆಂಬ ಶಂಕೆ ಇದ್ದರೆ? ಖಲೀಫ ಉಮರ್(ರ) ಒಂದು ರಾತ್ರಿ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಜತೆ ಮದೀನದಲ್ಲಿ ಗಸ್ತು ತಿರುಗುತ್ತಿದ್ದಾಗ, ಬಾಗಿಲು ಮುಚ್ಚಿದ ಮನೆಯೊಂದರಲ್ಲಿ ಕುಡಿತದ ಗದ್ದಲ ಕೇಳಿಸಿತು. ಗೂಢಚರ್ಯೆಯನ್ನು ಅಲ್ಲಾಹನು ನಿಷೇಧಿಸಿದ್ದಾನೆ, ನಾವು ಅದನ್ನೇ ಮಾಡಿದೆವೆಂದು ಅಬ್ದುರ್ರಹ್ಮಾನ್(ರ) ಹೇಳಿದರು. ಅವರು ಸೂಚಿಸಿದ್ದು ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವನ್ನು. ಉಮರ್(ರ) ಅಲ್ಲಿಂದ ಹಿಂದಿರುಗಿದರು. ಉಮರ್(ರ)ರಂಥ ಆಡಳಿತಗಾರರು! ಅದೂ ಕಿವಿಗೆ ಬಿದ್ದ ಸದ್ದಿನ ಮೇಲೆ!

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಅಸ್ರ್ ನಮಾಝಿನ ಬಳಿಕ ನಮ್ಮ ಮೊಹಲ್ಲಾದ ಹಿರಿಯ ಹಾಜಿಯವರೊಬ್ಬರು ಹೊಸ ಮೊಬೈಲ್ ತಂದು, “ಉಸ್ತಾದರೇ, ಬಾಂಗಿನ ಸಮಯ ಇದರಲ್ಲಿ ಬರುವ ಹಾಗೆ ಮಾಡಿಕೊಡಿ” ಎಂದರು. ನಾನೊಂದು ಆ್ಯಪ್ ಹಾಕಿದೆ. ಲೊಕೇಶನ್ ನೋಡಲೇ ಎಂದು ಫೋನ್ ಕೇಳಿತು. ಹಾಜಿಯವರನ್ನು ಕೇಳದೆ ನಾನೇ ‘ಯಾವಾಗಲೂ’ ಎಂಬುದನ್ನು ಒತ್ತಿದೆ. ಮೂರು ಸಲಾಮಿನ ಪಾಠ ಹೇಳುವವನು ನಾನು!

ವಾಸ್ತವದಲ್ಲಿ ನಮಾಝಿನ ಸಮಯಕ್ಕೆ ನಾವು ನಿಂತಿರುವ ಜಾಗದ ಲೆಕ್ಕ ಅಷ್ಟು ಸೂಕ್ಷ್ಮವಾಗಿ ಬೇಕಾಗಿಯೇ ಇಲ್ಲ. ಸೂರ್ಯನು ಒಂದು ಡಿಗ್ರಿ ರೇಖಾಂಶವನ್ನು ದಾಟಲು ನಾಲ್ಕು ನಿಮಿಷ ಹಿಡಿಯುತ್ತದೆ. ಬೆಂಗಳೂರಿಗೂ ಮಂಗಳೂರಿಗೂ ಳುಹರ್‌ನಲ್ಲಿ ಸುಮಾರು 11 ನಿಮಿಷದ ಅಂತರ. ಒಂದು ಕಿಲೋಮೀಟರಿಗೆ ಬರುವುದು ಎರಡು ಸೆಕೆಂಡು ಮಾತ್ರ. ಮಂಗಳೂರಿನಲ್ಲಿ ಕಿಬ್ಲಾ ಪಶ್ಚಿಮದಿಂದ ಸುಮಾರು 19 ಡಿಗ್ರಿ ಉತ್ತರಕ್ಕಿದೆ, ಬೀದಿ ಬದಲಾದರೆ ಅದು ಬದಲಾಗುವುದಿಲ್ಲ. ಆದುದರಿಂದ ಆ್ಯಪಿನಲ್ಲಿ ಊರಿನ ಹೆಸರನ್ನು ಕೈಯಿಂದ ಆರಿಸಿ ಲೊಕೇಶನ್ ನಿರಾಕರಿಸಬಹುದು. ಕೊಡಲೇಬೇಕಾದರೆ ಬಳಸುವಾಗ ಮಾತ್ರ, ಅದೂ ಅಂದಾಜು ಸ್ಥಳವನ್ನು ಕೊಟ್ಟರೆ ಸಾಕು; ಹೊಸ ಫೋನುಗಳಲ್ಲಿ ಈ ಆಯ್ಕೆಯಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತಿನ ಗುರುತಿನ ಸಂಖ್ಯೆಯನ್ನೂ ಅಳಿಸಬಹುದು.

ಕಳೆದ ತಿಂಗಳು ಮಗ್ರಿಬ್ ಬಳಿಕ ಹಾಜಿಯವರ ಬಳಿ ಕುಳಿತು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರ ಎದುರೇ ಲೊಕೇಶನ್ ತೆಗೆದು ಊರಿನ ಹೆಸರು ಹಾಕಿದೆ. ಅವರು ಮಸೀದಿಯ ಗೋಡೆಯಲ್ಲಿದ್ದ ವೇಳಾಪಟ್ಟಿಗೂ ಮೊಬೈಲಿಗೂ ಎರಡು ಬಾರಿ ತಾಳೆ ನೋಡಿದರು. ಆಮೇಲೆ, “ನಾಳೆ ಸೊಸೆಯ ಮೊಬೈಲನ್ನೂ ತರುತ್ತೇನೆ, ಹೀಗೇ ಮಾಡಿಕೊಡಿ” ಎಂದರು.

“ಮೊದಲು ಆಕೆಯನ್ನು ಕೇಳಿ ಹಾಜಿಯವರೇ” ಎಂದೆ.